ಹರಿದ ಪ್ರತಿಯೇ ಇರಲಿ ಬಿಡಿ

ಹಳೇ ಕಾಮಿಕ್ಸ್ ಪುಸ್ತಕಕ್ಕೆ ನಮ್ಮಲ್ಲಿ ಎರಡು ಬೆಲೆ. ಒಂದು ಕೆಜಿ ಲೆಕ್ಕದ್ದು, ಇನ್ನೊಂದು ಬಿಡಿ ಲೆಕ್ಕದ್ದು. ಮನೆ ಬದಲಿಸುವವರು ಅಟ್ಟದಿಂದ ಇಳಿಸಿದ ಕಟ್ಟನ್ನು ರದ್ದಿ ಅಂಗಡಿಯವನು ತಕ್ಕಡಿಗೆ ಹಾಕುವಾಗ ಅದರಲ್ಲಿ ಮಾಂಡ್ರೇಕ್ ಇದ್ದರೂ ಒಂದೇ, ಹತ್ತನೇ ತರಗತಿಯ ಗಣಿತದ ಗೈಡ್ ಇದ್ದರೂ ಒಂದೇ. ಅಲ್ಲಿಂದ ಫುಟ್‌ಪಾತಿನ ಪುಸ್ತಕದವನ ಕೈಗೆ ಬಂದಾಗ ಬಿಡಿ ಲೆಕ್ಕ ಶುರು. ಅವನಿಂದ ಸೆಕೆಂಡ್ ಹ್ಯಾಂಡ್ ಪುಸ್ತಕದಂಗಡಿಯ ಕಪಾಟಿಗೆ ಏರಿದರೆ ಇನ್ನಷ್ಟು. ಕೊನೆಗೆ ಯಾರೋ ಅದರ ಫೋಟೊ ತೆಗೆದು, ‘ವಿಂಟೇಜ್’ ಅಂತಲೋ ‘ರೇರ್’ ಅಂತಲೋ ಬರೆದು ಇಂಟರ್ನೆಟ್ಟಿನಲ್ಲಿ ಮಾರಾಟಕ್ಕಿಟ್ಟರೆ ಬೆಲೆಗೆ ಲಂಗುಲಗಾಮು ಇರುವುದಿಲ್ಲ. ಪುಸ್ತಕ ಅದೇ, ಮುಖಪುಟದ ಮೇಲಿನ ಚಹಾದ ಕಲೆಯೂ ಅದೇ. ನಡುವೆ ನಾಲ್ಕು ಕೈ ಬದಲಾಗಿರುತ್ತದೆ ಅಷ್ಟೇ.

ಕೈಯಲ್ಲಿ ಹೆಚ್ಚು ದುಡ್ಡಿಲ್ಲದೆ ಹಳೇ ಸಂಚಿಕೆಗಳನ್ನು ಕೂಡಿಸಲು ಹೊರಟವರು ಈ ನಾಲ್ಕು ಕೈಗಳ ಲೆಕ್ಕವನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಮೊದಲ ಕೈಗೆ ಹತ್ತಿರ ಹೋದಷ್ಟೂ ಅಗ್ಗ. ಹಾಗೆಯೇ ಮೊದಲ ಕೈಯಲ್ಲಿ ಸಿಗುವ ಪ್ರತಿಗಳು ಹೊಚ್ಚ ಹೊಸದರಂತೆ ಇರುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಈ ಅಂಕಣದಲ್ಲಿ ನಾನು ವಾದಿಸಹೊರಟಿರುವುದು ಇದನ್ನೇ: ಓದುವ ಆಸೆಯಿಂದ ಸಂಗ್ರಹಿಸುವವನಿಗೆ ಹರಿದ ಪ್ರತಿಗಿಂತ ಒಳ್ಳೆಯ ಸ್ನೇಹಿತನಿಲ್ಲ.

ಮೊದಲು ಒಂದು ಭ್ರಮೆ ಕಳೆದುಕೊಳ್ಳೋಣ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಹರಾಜೊಂದರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆ 60 ಲಕ್ಷ ಡಾಲರಿಗೆ ಹೋಯಿತು. 1938ರಲ್ಲಿ ಹತ್ತು ಸೆಂಟ್ ಬೆಲೆಯಿದ್ದ, ಸೂಪರ್‌ಮ್ಯಾನ್ ಮೊದಲ ಸಲ ಕಾಣಿಸಿಕೊಂಡ ಸಂಚಿಕೆ ಅದು. ಇಂಥ ಸುದ್ದಿ ಬಂದಾಗಲೆಲ್ಲ ನಮ್ಮಲ್ಲೂ ಕೆಲವರು ಟ್ರಂಕು ತೆಗೆದು ನೋಡುತ್ತಾರೆ. ಆದರೆ ಆ ಬೆಲೆ ಬಂದದ್ದು ವಯಸ್ಸಿನಿಂದಲ್ಲ. ಆಗ ಕಾಮಿಕ್ಸ್ ಮಕ್ಕಳು ಓದಿ ಎಸೆಯುವ ಸರಕಾಗಿತ್ತು. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ಹಳೇ ಕಾಗದ ಕೂಡಿಸಿ ಕೊಡುವ ಅಭಿಯಾನ ನಡೆದಾಗ ರಾಶಿರಾಶಿ ಕಾಮಿಕ್ಸು ಕರಗಿ ಹೋದವು. ಉಳಿದದ್ದು ಕೆಲವೇ, ಬೇಕೆನ್ನುವವರು ಸಾವಿರಾರು.

ಇದಕ್ಕೆ ತದ್ವಿರುದ್ಧ ಕಥೆ 1991ರದ್ದು. ಆ ವರ್ಷ ಮಾರ್ವೆಲ್ ಕಂಪನಿ ‘ಎಕ್ಸ್-ಮೆನ್’ ಹೊಸ ಸರಣಿಯ ಮೊದಲ ಸಂಚಿಕೆಯನ್ನು ಬೇರೆಬೇರೆ ಮುಖಪುಟಗಳಲ್ಲಿ ಹೊರತಂದಿತು. ಮುಂದೆ ಬೆಲೆ ಬರುತ್ತದೆಂದು ಜನ ಒಬ್ಬೊಬ್ಬರೂ ನಾಲ್ಕೈದು ಪ್ರತಿ ಕೊಂಡು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಓದದೆ ಇಟ್ಟರು. 80 ಲಕ್ಷಕ್ಕೂ ಹೆಚ್ಚು ಪ್ರತಿ ಅಂಗಡಿಗಳಿಗೆ ಹೋಗಿತ್ತು. ಎಲ್ಲರೂ ಜೋಪಾನ ಮಾಡಿದ್ದರಿಂದ ಯಾರದ್ದಕ್ಕೂ ಬೆಲೆ ಬರಲಿಲ್ಲ. ಇವತ್ತಿಗೂ ಅದು ಅಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ. ಆ ಹುಚ್ಚು ಇಳಿದ ಮೇಲೆ ನೂರಾರು ಕಾಮಿಕ್ಸ್ ಅಂಗಡಿಗಳು ಬಾಗಿಲು ಹಾಕಿದವು, 1996ರ ಕೊನೆಗೆ ಮಾರ್ವೆಲ್ ಕೂಡ ದಿವಾಳಿ ಅರ್ಜಿ ಹಾಕಿತು. ಲಾಭದ ಆಸೆಯಿಂದ ಕಾಮಿಕ್ಸ್ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಬ್ಯಾಂಕಿನಲ್ಲಿ ಎಫ್‌ಡಿ ಮಾಡಿ. ಅಲ್ಲಿ ಗೆದ್ದಲಿನ ಕಾಟವಾದರೂ ಇರುವುದಿಲ್ಲ.

ನಮ್ಮಲ್ಲಿ ಏನೇನು ಸಂಗ್ರಹಿಸಬಹುದು ನೋಡೋಣ. ನಡುವಯಸ್ಸು ದಾಟಿದವರ ಬಾಯಲ್ಲಿ ಮೊದಲು ಬರುವ ಹೆಸರು ಇಂದ್ರಜಾಲ ಕಾಮಿಕ್ಸ್. ಟೈಮ್ಸ್ ಆಫ್ ಇಂಡಿಯಾ ಬಳಗದ ಬೆನೆಟ್ ಕೋಲ್ಮನ್ ಕಂಪನಿ 1964ರ ಮಾರ್ಚ್‌ನಲ್ಲಿ ಇದನ್ನು ಶುರುಮಾಡಿತು. ಬೆಲೆ 60 ಪೈಸೆ. ಮೊದಲ 32 ಸಂಚಿಕೆಗಳೂ ಫ್ಯಾಂಟಮ್‌ನವೇ. ಲೀ ಫಾಕ್ ಅಮೆರಿಕದ ಪತ್ರಿಕೆಗಳಿಗೆ 1936ರಿಂದ ದಿನಕ್ಕೊಂದು ಪಟ್ಟಿಯಂತೆ ಬರೆಯುತ್ತಿದ್ದ ಕಥೆಗಳನ್ನು ಇಲ್ಲಿ ಕತ್ತರಿಸಿ, ಜೋಡಿಸಿ, ಬಣ್ಣ ಹಚ್ಚಿ ಪುಸ್ತಕ ಮಾಡುತ್ತಿದ್ದರು. ಫ್ಯಾಂಟಮ್‌ನ ನಾಡಿನ ಹೆಸರು ಬಂಗಾಳವನ್ನು ನೆನಪಿಸುತ್ತದೆಂದು ಅದನ್ನು ಡೆಂಕಾಲಿ ಮಾಡಿದ್ದೂ ಇವರೇ. ಆಮೇಲೆ ಮಾಂಡ್ರೇಕ್ ಬಂದ, ಫ್ಲಾಶ್ ಗಾರ್ಡನ್ ಬಂದ, ರಿಪ್ ಕಿರ್ಬಿ, ಬಜ್ ಸಾಯರ್ ಬಂದರು. 1976ರಲ್ಲಿ ಆಬಿದ್ ಸುರ್ತಿ ಸೃಷ್ಟಿಸಿದ ಬಹಾದ್ದೂರ್ ಬಂದ. ಕೇಸರಿ ಕುರ್ತಾ, ಜೀನ್ಸ್ ತೊಟ್ಟು ಡಕಾಯಿತರನ್ನು ಹಿಡಿಯುತ್ತಿದ್ದ ಈ ನಾಯಕನ ಮೇಲೆ ನನಗೆ ಸ್ವಲ್ಪ ಪಕ್ಷಪಾತವಿದೆ. ಪರದೇಶದ ವೀರರ ನಡುವೆ ನಮ್ಮ ಊರಿನವನಂತೆ ಕಾಣುತ್ತಿದ್ದವನು ಅವನೊಬ್ಬನೇ.

ಇಂದ್ರಜಾಲ ಮೊದಲು ತಿಂಗಳಿಗೊಂದು, ಆಮೇಲೆ ಹದಿನೈದು ದಿನಕ್ಕೊಂದು, 80ರ ದಶಕದಲ್ಲಿ ವಾರಕ್ಕೊಂದು ಬರುತ್ತಿತ್ತು. 1990ರಲ್ಲಿ ನಿಂತಿತು. ಅಷ್ಟರಲ್ಲಿ 800 ಸಂಚಿಕೆ ದಾಟಿದ್ದವು. ಸಂಗ್ರಾಹಕನಿಗೆ ಈ ವಿವರ ಯಾಕೆ ಮುಖ್ಯ? ತಿಂಗಳಿಗೊಂದರಂತೆ ಬಂದ ಮೊದಲ ವರ್ಷಗಳ ಸಂಚಿಕೆಗಳು ಕಡಿಮೆ. ಅವುಗಳಿಗೆ ಕಾದು ಕೂತವರೂ ಹೆಚ್ಚು. ಬೆಲೆಯೆಲ್ಲ ಅಲ್ಲಿ ಗಂಟಾಗಿದೆ. ವಾರಕ್ಕೊಂದು ಬಂದ ಕಾಲದವು ಧಾರಾಳವಾಗಿ ಸಿಗುತ್ತವೆ, ಹಾಗಾಗಿ ಅಗ್ಗ. ಬಹಾದ್ದೂರನ ಬಹುಪಾಲು ಕಥೆಗಳು ಈ ಅಗ್ಗದ ಕಾಲದಲ್ಲೇ ಬಂದವು ಎನ್ನುವುದು ನನ್ನಂಥವರ ಪುಣ್ಯ. ಇನ್ನೊಂದು ಸೂಕ್ಷ್ಮವಿದೆ. 400 ದಾಟಿದ ಮೇಲೆ ಇವರು ಸಂಖ್ಯೆ ಹಾಕುವ ಕ್ರಮ ಬದಲಿಸಿ ಸಂಪುಟ ಇಷ್ಟು, ಸಂಚಿಕೆ ಇಷ್ಟು ಎಂದು ಅಚ್ಚುಹಾಕತೊಡಗಿದರು. ‘ಸಂಚಿಕೆ 1’ ಎಂದು ಮುಖಪುಟದಲ್ಲಿ ಕಂಡ ತಕ್ಷಣ ಅದು 1964ರದ್ದು ಎಂದು ಕುಣಿಯಬಾರದು. ಪಕ್ಕದಲ್ಲಿ ಸಂಪುಟ 20 ಎಂದಿದ್ದರೆ ಅದು 80ರ ದಶಕದ್ದು. ಮಾರುವವರಲ್ಲಿ ಕೆಲವರಿಗೆ ಇದು ಗೊತ್ತಿರುವುದಿಲ್ಲ, ಕೆಲವರಿಗೆ ಗೊತ್ತಿದ್ದೂ ಗೊತ್ತಿರುವುದಿಲ್ಲ.

ಎರಡನೆಯದು ಅಮರ ಚಿತ್ರ ಕಥೆ. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಟೈಮ್ಸ್ ಬಳಗದಲ್ಲಿ ಇಂದ್ರಜಾಲದ ಕೆಲಸ ನೋಡಿದ್ದವರು. 1967ರಲ್ಲಿ ಇಂಡಿಯಾ ಬುಕ್ ಹೌಸ್ ಜೊತೆ ಸೇರಿ ಇದಕ್ಕೆ ಕೈಹಾಕಿದರು. ದೂರದರ್ಶನದ ಕ್ವಿಜ್ ಒಂದರಲ್ಲಿ ಗ್ರೀಕ್ ದೇವತೆಗಳ ಹೆಸರು ಹೇಳಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ, ಅದನ್ನು ನೋಡಿ ಪೈ ಅವರಿಗೆ ಈ ಯೋಚನೆ ಬಂತು ಎಂಬ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಬೆಂಗಳೂರಿನ ಕಥೆ. 1965ರಲ್ಲೇ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ ಕನ್ನಡದಲ್ಲಿ ಹತ್ತು ಚಿತ್ರಕಥೆಗಳು ಬಂದಿದ್ದವು. ಸಿಂಡರೆಲ್ಲಾ, ಅಲ್ಲಾದ್ದೀನ್, ಪಿನೋಕಿಯೊ, ಹಿಮಬಿಳುಪಿನ ಹುಡುಗಿ ಮತ್ತು ಏಳು ಕುಳ್ಳರು, ಇಂಥ ಪರದೇಶದ ಕಥೆಗಳೇ. ಅಮರ ಚಿತ್ರ ಕಥೆಯ ಪಟ್ಟಿಯಲ್ಲಿ 1ರಿಂದ 10ರವರೆಗಿನ ಸಂಖ್ಯೆಗಳು ಇವಕ್ಕೆ ಸೇರಿದವು. ಹಾಗಾಗಿಯೇ ಪೈ ಅವರ ಮೊದಲ ಪುಸ್ತಕ, ರಾಮ್ ವಾಯಿರ್ಕರ್ ಚಿತ್ರ ಬರೆದ ‘ಕೃಷ್ಣ’, 11ನೇ ಸಂಖ್ಯೆಯಿಂದ ಶುರುವಾಗುತ್ತದೆ. ಇಂಗ್ಲಿಷಿನ ಸಂಗ್ರಾಹಕರಲ್ಲಿ ಎಷ್ಟೋ ಮಂದಿ ಮೊದಲ ಹತ್ತು ಎಲ್ಲಿ ಎಂದು ತಲೆ ಕೆರೆದುಕೊಂಡಿದ್ದಾರೆ. ಅವು ನಮ್ಮ ಭಾಷೆಯಲ್ಲಿ, ನಮ್ಮ ಅಜ್ಜಿಮನೆಗಳ ಅಟ್ಟದಲ್ಲಿ ಇದ್ದಿರಬಹುದಾದವು.

ಆ ‘ಕೃಷ್ಣ’ದ ಹಳೆಯ ಮುದ್ರಣವನ್ನು ಗುರುತಿಸುವುದನ್ನು ಕಲಿತರೆ ಉಳಿದದ್ದೆಲ್ಲ ಸುಲಭ. ಖರ್ಚು ಉಳಿಸಲು ಮೊದಲು ಅದನ್ನು ಹಳದಿ, ನೀಲಿ, ಹಸಿರು ಬಣ್ಣಗಳಲ್ಲಷ್ಟೇ ಅಚ್ಚುಹಾಕಿದ್ದರು. ಪೂರ್ತಿ ಬಣ್ಣ ಬಂದದ್ದು ಆಮೇಲೆ. ಎಷ್ಟೋ ವರ್ಷಗಳ ನಂತರ ದಪ್ಪ ಮುಖಪುಟ ಹಾಕಿ ಮರುಮುದ್ರಿಸಿದಾಗ ಸಂಖ್ಯೆಗಳನ್ನು 501ರಿಂದ ಹೊಸದಾಗಿ ಎಣಿಸಿದರು. ‘ಕೃಷ್ಣ’ 501 ಆಯಿತು. ಮುಖಪುಟದಲ್ಲಿ ಐನೂರರ ಸಂಖ್ಯೆಯಿದ್ದರೆ ಅದು ಎಷ್ಟು ಹಳದಿಗಟ್ಟಿದ್ದರೂ ಮೊದಲ ಕಾಲದ್ದಲ್ಲ. ಅಚ್ಚಾದ ಬೆಲೆಯೂ ಒಳ್ಳೆಯ ಸಾಕ್ಷಿ. ಒಂದೇ ಕಥೆ ಒಂದೂವರೆ ರೂಪಾಯಿ, ಎರಡು, ಮೂರು, ನಾಲ್ಕು ಎಂದು ಬೆಲೆ ಏರಿಸಿಕೊಂಡು ಮತ್ತೆಮತ್ತೆ ಅಚ್ಚಾಗಿದೆ. ಒಳಪುಟದಲ್ಲಿ ಮುದ್ರಣದ ವರ್ಷ ಸಿಗದಿದ್ದರೆ ಈ ಬೆಲೆಯನ್ನೂ, ಹಿಂಬದಿಯ ಪುಟದಲ್ಲಿ ಪಟ್ಟಿ ಮಾಡಿದ ಪುಸ್ತಕಗಳ ಹೆಸರನ್ನೂ ನೋಡಬೇಕು. 1980ರ ಏಪ್ರಿಲ್‌ನಲ್ಲಿ ಶುರುವಾದ ‘ಟಿಂಕಲ್’ನ ಜಾಹೀರಾತು ಹಿಂಬದಿಯಲ್ಲಿದ್ದರೆ ಆ ಪ್ರತಿಯನ್ನು 70ರ ದಶಕದ್ದೆಂದು ಮಾರುವವನ ಮಾತಿಗೆ ಮುಗುಳ್ನಕ್ಕು ಮುಂದೆ ಹೋಗಬಹುದು.

ಅಮರ ಚಿತ್ರ ಕಥೆ ಕೋಟಿಗಟ್ಟಲೆ ಅಚ್ಚಾಗಿರುವ ಸರಣಿ, ಇನ್ನೂ ಅಚ್ಚಾಗುತ್ತಲೇ ಇದೆ. ಕಥೆ ಓದಬೇಕೆಂದರೆ ಹೊಸ ಮುದ್ರಣ ಸಾಕು. ಹಳೆಯದನ್ನು ಹುಡುಕುವುದಕ್ಕೆ ಬೇರೆ ಕಾರಣ ಇರಬೇಕು: ಆ ಕಾಗದ, ಆ ಬಣ್ಣ, ಆ ಕಾಲದ ಜಾಹೀರಾತು, ಹೊಸ ಮುದ್ರಣದಲ್ಲಿ ಬದಲಾದ ಮುಖಪುಟ. ಈ ಕಾರಣ ಇಲ್ಲದವರು ಹಳೇ ಸಂಚಿಕೆಗೆ ಹೆಚ್ಚು ದುಡ್ಡು ಕೊಡುವುದು ವ್ಯರ್ಥ. ಇಂದ್ರಜಾಲದ ವಿಷಯ ಹಾಗಲ್ಲ. ಆ ಅಚ್ಚು, ಆ ಮುಖಪುಟ, ಆ ಕತ್ತರಿಸಿದ ರೂಪ 1990ಕ್ಕೇ ಮುಗಿಯಿತು. ಆದರೆ ಮೊದಮೊದಲ ಕೆಲವು ಕಥೆಗಳನ್ನು ಇಂದ್ರಜಾಲವೇ ತನ್ನ ನಂತರದ ವರ್ಷಗಳಲ್ಲಿ ಮತ್ತೆ ಅಚ್ಚುಹಾಕಿತು. ಬಡ ಸಂಗ್ರಾಹಕನ ಕಿಂಡಿ ಅದು. ಕಥೆಯೂ ಅದೇ, ಹೆಸರೂ ಇಂದ್ರಜಾಲವೇ, ಬೆಲೆ ಮಾತ್ರ ಬೇರೆ.

ಇವೆರಡರ ಜೊತೆಗೆ ಟಿಂಕಲ್ ಇದೆ, ಶಿವಕಾಶಿಯ ಮುತ್ತು, ಲಯನ್ ಕಾಮಿಕ್ಸ್ ಇವೆ, 1986ರಲ್ಲಿ ನಾಗರಾಜನೊಂದಿಗೆ ಬಂದ ಹಿಂದಿಯ ರಾಜ್ ಕಾಮಿಕ್ಸ್ ಇದೆ. 90ರ ದಶಕದ ಕೊನೆಯಿಂದ ಗೋಥಮ್ ಕಾಮಿಕ್ಸ್ ಎಂಬ ಸಂಸ್ಥೆ ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್ ಕಥೆಗಳನ್ನು ಇಲ್ಲಿಯೇ ಅಚ್ಚುಹಾಕಿ ನಮ್ಮ ಜೇಬಿಗೆ ಸರಿಹೊಂದುವ ಬೆಲೆಗೆ ಮಾರಿತು. ಅಮೆರಿಕದ ಮೂಲ ಸಂಚಿಕೆ ಕನಸಿನಲ್ಲೂ ಕೊಳ್ಳಲಾಗದವರು ಈ ಭಾರತೀಯ ಮುದ್ರಣಗಳ ಹಿಂದೆ ಬೀಳಬಹುದು. ಸದ್ಯಕ್ಕೆ ಅವನ್ನು ಯಾರೂ ಅಷ್ಟು ಲೆಕ್ಕಕ್ಕಿಟ್ಟಿಲ್ಲ.

ಚಂದಮಾಮದ ಮಾತೂ ಬಂದೇ ಬರುತ್ತದೆ. ಕನ್ನಡದ ಚಂದಮಾಮ 1949ರ ಜುಲೈಯಲ್ಲಿ ಮದ್ರಾಸಿನಿಂದ ಶುರುವಾಯಿತು. ಕಟ್ಟುನಿಟ್ಟಾಗಿ ಹೇಳಿದರೆ ಅದು ಕಾಮಿಕ್ಸ್ ಅಲ್ಲ, ಚಿತ್ರವಿರುವ ಕಥೆಪತ್ರಿಕೆ. ಆದರೆ ರದ್ದಿಯ ಕಟ್ಟಿಗೆ ಈ ಭೇದ ಗೊತ್ತಿಲ್ಲ. ಇಂದ್ರಜಾಲ ಹುಡುಕುವವನ ಕೈಗೆ ಶಂಕರ್ ಬರೆದ ವಿಕ್ರಮ ಬೇತಾಳರ ಚಿತ್ರವಿರುವ ಹಳೇ ಚಂದಮಾಮ ಸಿಕ್ಕರೆ ಬೇಡ ಎನ್ನುವಷ್ಟು ಗಟ್ಟಿ ಮನಸ್ಸು ನನಗಂತೂ ಇಲ್ಲ.

ಇಷ್ಟೆಲ್ಲ ಇರುವಾಗ ಎಲ್ಲವನ್ನೂ ಕೂಡಿಸುತ್ತೇನೆ ಎಂದು ಹೊರಟವನ ದುಡ್ಡು ಮೂರು ತಿಂಗಳಲ್ಲಿ ಖಾಲಿಯಾಗುತ್ತದೆ, ಉತ್ಸಾಹ ಅದಕ್ಕಿಂತ ಬೇಗ. ಒಂದು ಸಣ್ಣ ಬೇಲಿ ಹಾಕಿಕೊಳ್ಳಬೇಕು. ಬಹಾದ್ದೂರ್ ಮಾತ್ರ ಎನ್ನಬಹುದು. ಪ್ರತಾಪ್ ಮುಳೀಕ್ ಬರೆದ ಚಿತ್ರಗಳು ಮಾತ್ರ ಎನ್ನಬಹುದು. ತಾನು ಹುಟ್ಟಿದ ವರ್ಷದ ಸಂಚಿಕೆಗಳು ಮಾತ್ರ ಎನ್ನುವವರೂ ಇದ್ದಾರೆ. ನನಗೆ ತುಂಬ ಹಿಡಿಸಿದ ಬೇಲಿ ಎಂದರೆ ಅಮರ ಚಿತ್ರ ಕಥೆಯಲ್ಲಿ ಕರ್ನಾಟಕಕ್ಕೆ ಸಂಬಂಧಿಸಿದವು: ಬಸವೇಶ್ವರ, ಮಧ್ವಾಚಾರ್ಯ, ಪುರಂದರದಾಸ, ಕೃಷ್ಣದೇವರಾಯ, ಟಿಪ್ಪು ಸುಲ್ತಾನ್. ಪುಟ್ಟ ಪಟ್ಟಿ, ಮುಗಿಸಬಹುದಾದ ಪಟ್ಟಿ. ಒಂದೇ ಕಥೆಯ ಬೇರೆಬೇರೆ ಮುದ್ರಣ ಇಟ್ಟುಕೊಂಡು ಬಣ್ಣ, ಅಕ್ಷರ, ಮುಖಪುಟ ಹೇಗೆ ಬದಲಾಯಿತು ನೋಡಿದರೆ ದೊಡ್ಡ ರಾಶಿಗಿಂತ ಅದೇ ಹೆಚ್ಚು ಮಾತಾಡುತ್ತದೆ. ಬೇಲಿಯಾಚೆಯದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡುವುದು ಕಷ್ಟ, ಆದರೆ ಅಲ್ಲೇ ದುಡ್ಡು ಉಳಿಯುವುದು.

ಇನ್ನು ಹರಿದ ಪ್ರತಿಯ ವಿಷಯ. ಅಮೆರಿಕದಲ್ಲಿ 2000ದಲ್ಲಿ ಶುರುವಾದ ಸಿಜಿಸಿ ಎಂಬ ಸಂಸ್ಥೆ ಕಾಮಿಕ್ಸ್ ಪುಸ್ತಕಗಳಿಗೆ 0.5ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತದೆ. ಬೆನ್ನಿನ ಮೇಲೆ ಒಂದು ಗೆರೆ, ಮೂಲೆಯಲ್ಲಿ ಒಂದು ಮಡಿಕೆ, ಪಿನ್ನಿನ ಪಕ್ಕ ಚೂರು ತುಕ್ಕು, ಒಂದೊಂದಕ್ಕೂ ಅಂಕ ಇಳಿಯುತ್ತದೆ. ಅಂಕ ಸ್ವಲ್ಪ ಇಳಿದರೆ ಬೆಲೆ ಬಹಳ ಇಳಿಯುತ್ತದೆ. ಬಡ ಓದುಗನಿಗೆ ಇದು ವರ. ಕಥೆಯ ಒಂದು ಚೌಕಟ್ಟೂ ಕಡಿಮೆಯಿಲ್ಲದ, ಆದರೆ ಮುಖಪುಟದ ಮೇಲೆ ‘ರವಿ, 6ನೇ ಬಿ’ ಎಂದು ಬಾಲ್‌ಪೆನ್ನಿನಲ್ಲಿ ಬರೆದ ಪ್ರತಿ ಹೂಡಿಕೆದಾರನಿಗೆ ಬೇಡ. ಅವನು ಬೇಡವೆಂದದ್ದರಿಂದಲೇ ಅದು ನಿಮಗೆ ಎಟಕುವ ಬೆಲೆಗೆ ಇಳಿಯುತ್ತದೆ. ಡಬ್ಬಿಯಲ್ಲಿ ಮುಚ್ಚಿದ್ದನ್ನು ತೆರೆದು ಓದುವ ಹಾಗೂ ಇಲ್ಲ, ತೆರೆದರೆ ಅಂಕ ಹೋಯಿತು. ಮುಟ್ಟಲಾಗದ ಪುಸ್ತಕ ಕೊಳ್ಳುವ ಸುಖ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಮ್ಮ ಊರಿನ ಪ್ರತಿಗಳಲ್ಲಿ ಸಿಗುವ ಗಾಯಗಳೇ ಬೇರೆ. ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳ ರಬ್ಬರ್ ಸ್ಟಾಂಪು ಪುಟಪುಟಕ್ಕೂ ಬಿದ್ದಿರುತ್ತದೆ. ಹರಿಯದಿರಲಿ ಎಂದು ಮುಖಪುಟದ ಮೇಲೆ ಹೆಚ್ಚುವರಿ ಪಿನ್ನು ಹೊಡೆದಿರುತ್ತಾರೆ, ಬೆನ್ನಿಗೆ ಬಟ್ಟೆಪಟ್ಟಿ ಅಂಟಿಸಿರುತ್ತಾರೆ. ಸ್ಟಾಂಪಿನಲ್ಲಿ ಬಡಾವಣೆಯ ಹೆಸರು, ದಿನದ ಬಾಡಿಗೆ ಇದ್ದರೆ ನಾನು ಅದಕ್ಕೆ ಐದು ರೂಪಾಯಿ ಹೆಚ್ಚೇ ಕೊಡುತ್ತೇನೆ, ಊರಿನ ಓದಿನ ಚರಿತ್ರೆಯ ಒಂದು ಚೂರು ಅದು. ಇನ್ನು ಮನೆಯಲ್ಲೇ ಬೈಂಡ್ ಮಾಡಿಸಿದ ಸಂಪುಟಗಳು. ಅಪ್ಪಂದಿರು ಹತ್ತಿಪ್ಪತ್ತು ಸಂಚಿಕೆ ಸೇರಿಸಿ, ಅಂಚು ಕತ್ತರಿಸಿ, ರಟ್ಟು ಹಾಕಿಸಿ, ಮೇಲೆ ಬಂಗಾರದ ಬಣ್ಣದಲ್ಲಿ ಮಕ್ಕಳ ಹೆಸರು ಬರೆಸುತ್ತಿದ್ದರು. ಅಂಚು ಕತ್ತರಿಸಿದ್ದರಿಂದ, ಹೊಲಿಗೆ ಹಾಕಿದ್ದರಿಂದ ಸಂಗ್ರಾಹಕರ ಮಾರುಕಟ್ಟೆಯಲ್ಲಿ ಇವಕ್ಕೆ ಬೆಲೆ ಕಡಿಮೆ. ಆದರೆ ಒಳಗಿನ ಹಾಳೆಗಳು ಗಾಳಿ ಬೆಳಕಿಗೆ ಬೀಳದೆ ಬಿಡಿ ಪ್ರತಿಗಿಂತ ಚೆನ್ನಾಗಿ ಉಳಿದಿರುತ್ತವೆ. ಒಂದು ವರ್ಷದ ಇಂದ್ರಜಾಲ ಒಟ್ಟಿಗೆ ಓದಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಬೈಂಡ್ ಬಿಚ್ಚಿ ಬಿಡಿ ಬಿಡಿ ಮಾಡುವ ಕೆಲಸಕ್ಕೆ ಮಾತ್ರ ಹೋಗಬೇಡಿ.

ಆದರೂ ಎಲ್ಲ ಗಾಯಗಳೂ ಸಮನಲ್ಲ. ಹರಿದದ್ದು ಸರಿ, ಕಡಿಮೆಯಾದದ್ದು ಸರಿಯಲ್ಲ. ನಡುವಿನ ಹಾಳೆ ಪಿನ್ನಿನಿಂದ ಕಳಚಿ ಬಿದ್ದುಹೋಗಿರುವುದು ತೀರಾ ಸಾಮಾನ್ಯ. ನಿಂತಲ್ಲೇ ಪುಟಸಂಖ್ಯೆ ಎಣಿಸಬೇಕು. ಅಮರ ಚಿತ್ರ ಕಥೆಯಾದರೆ 32 ಪುಟ. ಬಣ್ಣ ತುಂಬುವ ಪುಟ, ಕೂಪನ್ನು, ಒಗಟಿನ ಪುಟಗಳಿಗೆ ಮಕ್ಕಳು ಕತ್ತರಿ ಹಾಕಿರುತ್ತಾರೆ, ಅದರ ಹಿಂಬದಿಯಲ್ಲಿ ಕಥೆಯ ಕೊನೆ ಇರುತ್ತದೆ. ಸೆಲ್ಲೋಟೇಪ್ ಅಂಟಿಸಿದ್ದನ್ನು ನಾನು ಹರಿದದ್ದಕ್ಕಿಂತ ಕೆಟ್ಟದ್ದು ಎನ್ನುತ್ತೇನೆ. ಅದರ ಅಂಟು ವರ್ಷ ಕಳೆದಂತೆ ಕಂದುಗಟ್ಟಿ ಕಾಗದದೊಳಕ್ಕೆ ಇಳಿಯುತ್ತದೆ, ಕೀಳಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರುವ ಪ್ರತಿ ಪುಕ್ಕಟೆ ಕೊಟ್ಟರೂ ಬೇಡ, ಮನೆಯಲ್ಲಿರುವ ಉಳಿದವಕ್ಕೂ ಅದು ಹಬ್ಬುತ್ತದೆ.

ಈಚೆಗೆ ಬಣ್ಣದ ಜೆರಾಕ್ಸ್ ಹೊಡೆದು ಹಳೆಯದೆಂದು ಮಾರುವವರೂ ಇದ್ದಾರೆ. ಭೂತಗನ್ನಡಿ ಇಟ್ಟು ನೋಡಿದರೆ ಹಳೇ ಅಚ್ಚಿನ ಬಣ್ಣ ಸಾಲಾಗಿ ನಿಂತ ಚುಕ್ಕಿಗಳಿಂದ ಆಗಿರುವುದು ಕಾಣುತ್ತದೆ. ನೋಟು ಪರೀಕ್ಷಿಸುವ ಸಣ್ಣ ನೇರಳೆ ಟಾರ್ಚ್ ಹಿಡಿದರೆ ಇವತ್ತಿನ ಬಿಳಿ ಕಾಗದ ನೀಲಿಯಾಗಿ ಹೊಳೆಯುತ್ತದೆ, ಹಳೇ ನ್ಯೂಸ್‌ಪ್ರಿಂಟ್ ಮಂಕಾಗಿಯೇ ಇರುತ್ತದೆ. ಇಂಟರ್ನೆಟ್ಟಿನಲ್ಲಿ ಕೊಳ್ಳುವಾಗ ಟಾರ್ಚ್ ಹಿಡಿಯಲಾಗದು. ಅಲ್ಲಿ ಮುಖಪುಟ, ಹಿಂಬದಿ, ನಡುಹಾಳೆ, ಕೊನೆಯ ಪುಟ ನಾಲ್ಕರ ಫೋಟೊ ಕೇಳಿ ಪಡೆಯಬೇಕು. ಕೊಡಲು ಒಪ್ಪದವನ ಹತ್ತಿರ ವ್ಯಾಪಾರ ಬೇಡ. ಮಾರುವವನು ಬರೆದ ಬೆಲೆ ಅವನ ಆಸೆ. ಈ ಹಿಂದೆ ಅಂಥದ್ದು ಎಷ್ಟಕ್ಕೆ ಹೋಗಿದೆ ಎಂಬುದಷ್ಟೇ ಅದರ ಬೆಲೆ. ಎರಡನೆಯದನ್ನು ತಿಳಿದುಕೊಳ್ಳದೆ ಮೊದಲನೆಯದರ ಮೇಲೆ ಚೌಕಾಸಿ ಮಾಡುವುದು ದಂಡ.

ಎಲ್ಲಿ ಹುಡುಕುವುದು? ಬೆಂಗಳೂರಿನವರಿಗೆ ಅವೆನ್ಯೂ ರಸ್ತೆಯ ಪುಸ್ತಕದ ಸಾಲು ಇದೆ, ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಂ, ಬುಕ್‌ವರ್ಮ್ ಇವೆ, ಬ್ರಿಗೇಡ್ ರಸ್ತೆಯ ಪಕ್ಕದ ಓಣಿಯಲ್ಲಿ 1945ರಿಂದ ನಡೆಯುತ್ತಿರುವ ಸೆಲೆಕ್ಟ್ ಇದೆ. ಮುಂಬೈ ಕನ್ನಡಿಗರಿಗೆ ಮಾಟುಂಗದ ಕಿಂಗ್ಸ್ ಸರ್ಕಲ್, ಫ್ಲೋರಾ ಫೌಂಟನ್‌ನ ಫುಟ್‌ಪಾತು ಗೊತ್ತೇ ಇದೆ. ದಿಲ್ಲಿಯ ದರಿಯಾಗಂಜ್‌ನ ಭಾನುವಾರದ ಸಂತೆ 2019ರಲ್ಲಿ ಹತ್ತಿರದ ಮಹಿಳಾ ಹಾಟ್ ಆವರಣಕ್ಕೆ ಸ್ಥಳಾಂತರವಾಯಿತು. ಆದರೆ ಇವೆಲ್ಲ ಎರಡನೇ, ಮೂರನೇ ಕೈ. ಹೆಸರಾದ ಅಂಗಡಿಯವರಿಗೆ ಬೆಲೆ ಗೊತ್ತು, ನ್ಯಾಯವಾಗಿ ಕೊಡುತ್ತಾರೆ, ಪುಕ್ಕಟೆಯಾಗಿ ಅಲ್ಲ. ಮೊದಲ ಕೈ ಇರುವುದು ನಿಮ್ಮ ಬೀದಿಯ ರದ್ದಿ ಅಂಗಡಿಯಲ್ಲಿ. ಅಲ್ಲಿನವನಿಗೆ ಒಂದು ಮಾತು ಹೇಳಿಟ್ಟರೆ ಸಾಕು: “ಅಣ್ಣಾ, ಹಳೇ ಚಿತ್ರದ ಪುಸ್ತಕ ಬಂದ್ರೆ ಎತ್ತಿಡಿ, ಪೇಪರ್ ರೇಟಿನ ಮೇಲೆ ಏನಾದ್ರೂ ಕೊಡ್ತೀನಿ.” ಹೇಳಿದ್ದಕ್ಕೆ ತಕ್ಕಂತೆ ಕೊಡಬೇಕು, ಬೇಡದ್ದು ಬಂದರೂ ಒಮ್ಮೊಮ್ಮೆ ಕೊಂಡುಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ಸಲ ಎತ್ತಿಡುವುದಿಲ್ಲ. ಯುಗಾದಿ, ದಸರೆಗೆ ಮನೆ ತೊಳೆಯುವ ದಿನಗಳು, ಶಾಲೆ ಮುಗಿದು ಮನೆ ಬದಲಿಸುವ ಏಪ್ರಿಲ್, ಮೇ, ಇವು ಅಟ್ಟ ಖಾಲಿಯಾಗುವ ಕಾಲ.

ಬಿಡಿ ಕೊಳ್ಳುವುದಕ್ಕಿಂತ ಕಟ್ಟು ಕೊಳ್ಳುವುದು ಲಾಭ. ಉದಾಹರಣೆಗೆ 40 ಸಂಚಿಕೆಗಳ ಕಟ್ಟು 1,200 ರೂಪಾಯಿಗೆ ಬಂತು ಎನ್ನಿ, ಒಂದಕ್ಕೆ 30 ರೂಪಾಯಿ. ಬೇಕಾದ 15 ಇಟ್ಟುಕೊಂಡು, ಉಳಿದ 25ನ್ನು ತಲಾ 40ರಂತೆ ಇನ್ನೊಬ್ಬ ಹವ್ಯಾಸಿಗೆ ದಾಟಿಸಿದರೆ ಸಾವಿರ ವಾಪಸ್ಸು. ನಿಮ್ಮ 15 ಸಂಚಿಕೆಗಳಿಗೆ ಬಿದ್ದ ಖರ್ಚು 200 ರೂಪಾಯಿ. ದುಡ್ಡಿನ ಬದಲು ಸಂಚಿಕೆಗೆ ಸಂಚಿಕೆ ಅದಲುಬದಲು ಮಾಡಿಕೊಂಡರೆ ಇನ್ನೂ ಚೆನ್ನ. ಇದಕ್ಕೆ ಜೇಬಿನಲ್ಲಿ ಯಾವಾಗಲೂ ಒಂದು ಪಟ್ಟಿ ಇರಬೇಕು: ಇರುವ ಸಂಖ್ಯೆಗಳು, ಬೇಕಾದ ಸಂಖ್ಯೆಗಳು, ಎರಡೆರಡು ಇರುವವು. ಮೊಬೈಲಿನಲ್ಲಿ ಇದ್ದರೂ ಆದೀತು. ಮುಖಪುಟ ನೆನಪಿದೆ ಎಂಬ ಧೈರ್ಯದ ಮೇಲೆ ಕೊಳ್ಳುವವರ ಮನೆಯಲ್ಲೇ ಒಂದೇ ಸಂಚಿಕೆ ಮೂರು ಮೂರು ಇರುವುದು.

ದೂರದಿಂದ ತರಿಸುವಾಗ ಅಂಚೆ ಖರ್ಚನ್ನು ಮರೆಯಬಾರದು. 50 ರೂಪಾಯಿಯ ಸಂಚಿಕೆಗೆ 70 ರೂಪಾಯಿ ಕೊರಿಯರ್ ಆದರೆ ಅದು 120ರ ಸಂಚಿಕೆ. ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕಗಳಿಗೆಂದು ಜ್ಞಾನ ಪೋಸ್ಟ್ ಎಂಬ ಅಗ್ಗದ ಸೇವೆ ತಂದಿದೆ, 300 ಗ್ರಾಂವರೆಗೆ 20 ರೂಪಾಯಿಯಿಂದ ಶುರು. ಜಾಹೀರಾತು ತುಂಬಿದ, ವಾಣಿಜ್ಯ ಸ್ವರೂಪದ ಪ್ರಕಟಣೆಗಳಿಗೆ ಅದು ಅನ್ವಯಿಸುವುದಿಲ್ಲ, ಕೌಂಟರಿನಲ್ಲಿ ಕೇಳಿಕೊಂಡೇ ಕಳಿಸಬೇಕು. ನಾಲ್ಕೈದು ಜನ ಸೇರಿ ಒಬ್ಬನೇ ಮಾರಾಟಗಾರನಿಂದ ಒಟ್ಟಿಗೆ ತರಿಸಿ ಹಂಚಿಕೊಳ್ಳುವುದು ಎಲ್ಲಕ್ಕಿಂತ ಸುಲಭ.

ತಂದದ್ದನ್ನು ಉಳಿಸಿಕೊಳ್ಳುವುದಕ್ಕೆ ದುಡ್ಡು ಬೇಕಿಲ್ಲ, ಎಚ್ಚರ ಬೇಕು. ನ್ಯೂಸ್‌ಪ್ರಿಂಟ್ ಮರದ ತಿರುಳಿನಿಂದ ಅಗ್ಗವಾಗಿ ಮಾಡಿದ ಕಾಗದ. ಅದರಲ್ಲಿ ಉಳಿದಿರುವ ಲಿಗ್ನಿನ್ ಎಂಬ ಅಂಶ ಬೆಳಕು, ಗಾಳಿ ತಾಗಿದಂತೆ ಹಳದಿಯಾಗುತ್ತದೆ, ಆಮ್ಲ ಹುಟ್ಟಿಸಿ ಹಾಳೆಯನ್ನು ಪುಡಿಪುಡಿ ಮಾಡುತ್ತದೆ. ಆಗಿಹೋದ ಹಳದಿಯನ್ನು ಹಿಂತಿರುಗಿಸಲಾಗದು, ನಿಧಾನ ಮಾಡಬಹುದು. ಮಂಗಳೂರು, ಕಾರವಾರ, ಮಲೆನಾಡಿನ ಕಡೆಯವರಿಗೆ ತೇವವೇ ದೊಡ್ಡ ಶತ್ರು. ಮಳೆಗಾಲದಲ್ಲಿ ಪಿನ್ನು ತುಕ್ಕು ಹಿಡಿದು ಸುತ್ತಲ ಕಾಗದವನ್ನೂ ತಿನ್ನುತ್ತದೆ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ, ನೆಲದ ಮೇಲೆ, ಅಟ್ಟದ ಹೆಂಚಿನ ಕೆಳಗೆ ಇಡಬೇಡಿ. ಮಲಗುವ ಕೋಣೆಯ ಒಳಗೋಡೆಯ ಕಪಾಟು ಎಲ್ಲಕ್ಕಿಂತ ಒಳ್ಳೆಯದು. ಒಂದೊಂದು ಪ್ರತಿಯನ್ನು ಪಾಲಿಪ್ರೊಪಿಲಿನ್ ಅಥವಾ ಪಾಲಿಯೆಸ್ಟರ್ ಲಕೋಟೆಯಲ್ಲಿ ಹಾಕಿ, ಹಿಂದೆ ಆಮ್ಲರಹಿತ ರಟ್ಟು ಇಟ್ಟು, ಪೆಟ್ಟಿಗೆಯಲ್ಲಿ ನಿಲ್ಲಿಸಿ. ಮೃದುವಾಗಿ ಅಂಟಂಟಾಗಿರುವ ಪಿವಿಸಿ ಕವರು ಬೇಡ, ಅದು ಬಣ್ಣವನ್ನೇ ಎಳೆದುಕೊಳ್ಳುತ್ತದೆ. ಲ್ಯಾಮಿನೇಶನ್ ಮಾಡಿಸಿದರೆ ಆ ಪ್ರತಿಯ ಕಥೆ ಮುಗಿದಂತೆ.

ನುಸಿಗುಳಿಗೆ ಹಾಕುವುದು ನಮ್ಮ ಮನೆಗಳ ರೂಢಿ. ಕಾಗದ ತಿನ್ನುವ ಹುಳಕ್ಕೆ ಅದರಿಂದ ಅಷ್ಟೇನೂ ತೊಂದರೆಯಿಲ್ಲ, ಓದುವವನ ಮೂಗಿಗೆ ಇದೆ. ಹುಳ ಹಿಡಿದ ಅನುಮಾನ ಬಂದರೆ ಗ್ರಂಥಭಂಡಾರಗಳವರು ಮಾಡುವ ಉಪಾಯ ಮಾಡಿ: ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರಿಜ್ಜಿನ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಹೊರಗೆ ಬಿಡಿ. ಮನೆಯವರಿಗೆ ಮೊದಲೇ ಹೇಳಿಡುವುದು ಕ್ಷೇಮ. ಐಸ್‌ಕ್ರೀಮಿನ ಪಕ್ಕ ಫ್ಯಾಂಟಮ್ ಸಿಕ್ಕರೆ ಎಲ್ಲರೂ ನಗುವುದಿಲ್ಲ.

ಕೊನೆಯದಾಗಿ ಕನ್ನಡದ ಪ್ರತಿಗಳ ಬಗ್ಗೆ ಒಂದು ಬೇಡಿಕೆ. ಇಂದ್ರಜಾಲ ಕನ್ನಡದಲ್ಲೂ ಬಂತು, ಅಮರ ಚಿತ್ರ ಕಥೆ ಶುರುವಾದದ್ದೇ ಕನ್ನಡದಲ್ಲಿ. ಆದರೆ ಇಂಗ್ಲಿಷಿನ ಹತ್ತು ಪ್ರತಿ ಸಿಗುವ ಕಡೆ ಕನ್ನಡದ್ದು ಒಂದು ಸಿಕ್ಕರೆ ಹೆಚ್ಚು. ಹರಾಜಿನವರಿಗೆ, ಡಬ್ಬಿಯಲ್ಲಿ ಮುಚ್ಚುವವರಿಗೆ ಕನ್ನಡದ ಅಕ್ಷರ ಬೇಕಿಲ್ಲ. ಬೇಕಾದವರು ನಾವೇ. ನಿಮ್ಮ ಮನೆಯಲ್ಲಿ, ಊರಿನ ಹಳೇ ಮನೆಯಲ್ಲಿ ಅಂಥವು ಇದ್ದರೆ ರದ್ದಿಗೆ ಹಾಕುವ ಮೊದಲು ಸಂಖ್ಯೆ, ಹೆಸರು, ಬೆಲೆ, ವರ್ಷ, ಅನುವಾದಕರ ಹೆಸರಿದ್ದರೆ ಅದನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟು, ಮುಖಪುಟದ ಫೋಟೊ ತೆಗೆದುಕೊಳ್ಳಿ. ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ತಕ್ಕಡಿಗೆ ಹಾಕಬೇಡಿ, ಓದುವ ಯಾರಿಗಾದರೂ ಕೊಡಿ. ಮುಖಪುಟ ಹರಿದಿದ್ದರೂ ಅವರು ಬೇಡ ಎನ್ನುವುದಿಲ್ಲ.